ಗುಮಾನಿಯಕ್ಕನ ಮಾದರಿ ಹಾಸಿಗೆ

ಹಾಸಿಗೆ ಅಂಗಡಿಯ ಅಕ್ಕನಿಗೆ ಬೀದಿಯವರು ಗುಮಾನಿಯಕ್ಕ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅನ್ನುವಳು. ಮುಖ ಗಂಟು ಹಾಕಿಕೊಂಡು ಬಂದರೆ, ನಿನ್ನೆ ಬೆರೆಸಿದ್ದು ಯಾರಿಗೋ ಗೊತ್ತಾಗಿದೆ ಅನ್ನುವಳು. ಗಂಡ ಹತ್ತಿ ಹಿಂಜುವ ಯಂತ್ರದ ಸದ್ದಿನಲ್ಲೇ ಆಯುಷ್ಯ ಕಳೆದು ಅರ್ಧ ಕಿವುಡನಾಗಿದ್ದ. ಇಂಥ ಹೆಂಡತಿಯ ಜೊತೆ ಬಾಳಲು ಅದೂ ಒಂದು ಅನುಕೂಲವೇ.

ಅವಳ ಗುಮಾನಿಯಿಂದ ಅಂಗಡಿಯಲ್ಲಿ ಒಂದು ಪದ್ಧತಿಯೂ ಹುಟ್ಟಿತ್ತು. ಹತ್ತಿ ಹಾಸಿಗೆ ಅಂದರೆ ಕೆಲವು ವರ್ಷಕ್ಕೆ ಮತ್ತೆ ಹಿಂಜಿಸಲು ಬರುವ ವಸ್ತು. ಒಬ್ಬ ಗಿರಾಕಿ ಎಲ್ಲಿಯದೋ ಗಂಟುಗಂಟು ಹಾಸಿಗೆ ತಂದು, “ಇದು ನೀವೇ ಹೊಲಿದದ್ದು, ಬಿಟ್ಟಿ ಸರಿಮಾಡಿಕೊಡಿ” ಅಂತ ಜಗಳ ತೆಗೆದಿದ್ದ. ಅಂದಿನಿಂದ ಅವಳು ತನ್ನ ಪ್ರತಿ ಹಾಸಿಗೆಯ ತಲೆಗಡೆಯ ಮೂಲೆಯಲ್ಲಿ, ಹತ್ತಿಯ ಒಳಗೆ, ಒಂದು ಚೂರು ಕೆಂಪು ದಾರ ಇಡುತ್ತಿದ್ದಳು. ಅದು ಗೊತ್ತಿದ್ದದ್ದು ಅವಳಿಗೆ, ಗಂಡನಿಗೆ, ಹೊಲಿಗೆಗೆ ಕೂರುತ್ತಿದ್ದ ವಿಧವೆ ನಾದಿನಿಗೆ ಮಾತ್ರ.

ಸ್ಪಂಜಿನ ಹಾಸಿಗೆ ಬಂದ ಮೇಲೆ ಅಂಗಡಿಗೆ ಗಿರಾಕಿ ಕಮ್ಮಿಯಾಗಿ, ಗುಜರಿಯವನು ಯಂತ್ರಕ್ಕೆ ಬೆಲೆ ಕಟ್ಟಿ ಹೋಗಿದ್ದ. ಆ ಹೊತ್ತಿಗೆ ಸರ್ಕಾರಿ ಆಸ್ಪತ್ರೆ ಹತ್ತಿ ಹಾಸಿಗೆಗೆ ಟೆಂಡರ್ ಕರೆಯಿತು. ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಯಂತ್ರ ಗುಜರಿಗೆ, ನಾದಿನಿ ಯಾರದೋ ಮನೆಯ ಮುಸುರೆಗೆ. ಷರತ್ತು ಸರಳವಾಗಿತ್ತು: ಸ್ವಂತ ಅಂಗಡಿಯಲ್ಲಿ, ಹೊಸ ಹತ್ತಿಯಿಂದ ಮಾಡಿದ ಒಂದು ಮಾದರಿ ಹಾಸಿಗೆ ಕೊಡಬೇಕು. ಅದರ ಮೇಲೆ ಹೆಸರಿರಬಾರದು, ನಂಬರ್ ಚೀಟಿ ಮಾತ್ರ.

“ಸರ್ಕಾರದ ಬಾಗಿಲು ದಾಟಿದ್ದು ವಾಪಸ್ ಬರೋದುಂಟೇನ್ರೀ?” ಅಂದಳು ಗುಮಾನಿಯಕ್ಕ. “ಆ ಆಸ್ಪತ್ರೆ ಉಗ್ರಾಣದೋನು ಮನೆಗೆ ಹೊತ್ಕೊಂಡು ಹೋಗಿ ಹಾಸ್ಕೊಂಡು ಮಲಗ್ತಾನೆ. ಅವನಿಗ್ಯಾಕೆ ಹೊಸ ಹತ್ತಿ?” ಹಾಗಂದು ಹಳೇ ಹತ್ತಿಯನ್ನೇ ಚೆನ್ನಾಗಿ ಹಿಂಜಿಸಿ ತುಂಬಿದಳು. ಅದೇ ವಾರ ಬಿಳಿ ಷರ್ಟಿನವನೊಬ್ಬ ನೆಂಟರ ಕೋಣೆಗೆ ಅಂತ ಒಂದು ಹಾಸಿಗೆ ಹೇಳಿದ. ದುಡ್ಡು ಕೊಡದೆ ಓಡಿಹೋಗುವ ಮುಖ ಅನ್ನಿಸಿ ಅವಳು ಪೂರ್ತಿ ಹಣ ಮೊದಲೇ ಇಡಿಸಿಕೊಂಡಳು. ಅವನು ಚೌಕಾಸಿ ಮಾಡದೆ ಇಟ್ಟುಬಿಟ್ಟ. ಆ ಖುಷಿಗೆ ಹೊಸ ಹತ್ತಿ ತುಂಬಿ, ಅಂಚನ್ನು ತಾನೇ ಕೂತು ಹೊಲಿದುಕೊಟ್ಟಳು.

ಟೆಂಡರ್ ಪಟ್ಟಿಯಲ್ಲಿ ಅವಳದು ಎರಡನೇ ಸ್ಥಾನ ಬಂತು. ಮೊದಲನೆಯವನು ಮಂಚ, ಕುರ್ಚಿ ಮಾರುವ ವ್ಯಾಪಾರಿ. ಅವಳಿಗೆ ಥಟ್ಟನೆ ಗುಮಾನಿ ಬಂತು. ಉಗ್ರಾಣದವನು ಯಾರ ಜೊತೆಗೋ ಟೀ ಕುಡಿಯುತ್ತಿದ್ದದ್ದನ್ನು ಅವಳೇ ಕಂಡಿದ್ದಳಲ್ಲ!

“ಚೀಟಿ ಅದಲು ಬದಲು ಮಾಡಿದ್ದಾರೆ. ನನ್ನ ಹಾಸಿಗೆಗೆ ಅವನ ನಂಬರು, ಅವನದಕ್ಕೆ ನನ್ನದು!”

“ಟೀ ಕುಡಿಯೋದೂ ತಪ್ಪೇನೇ ಮಾರಾಯ್ತಿ?” ಅಂದ ಗಂಡ.

“ಟೀ ತಪ್ಪಲ್ಲ. ಅವನಿಗೆ ಬನ್ನು ಯಾರು ಕೊಡಿಸಿದ್ರು?”

ಆಕ್ಷೇಪಣೆ ಬರೆಸಿಕೊಟ್ಟಳು. ಎರಡೂ ಹಾಸಿಗೆಯ ಮೂಲೆಯನ್ನು ತನ್ನೆದುರು ಬಿಚ್ಚಬೇಕು, ತನ್ನ ಗುರುತು ಒಳಗಿದೆ ಅನ್ನುವುದೇ ಅವಳ ಬೇಡಿಕೆ. ಇದಕ್ಕೂ ಏನಾದರೂ ನೆಪ ಹೇಳುತ್ತಾರೆ ಅಂದುಕೊಂಡಿದ್ದಳು. ಆದರೆ ಟೆಂಡರ್ ನೋಡಿಕೊಳ್ಳುತ್ತಿದ್ದ ಕನ್ನಡಕದ ಮೇಡಂ ಅರ್ಜಿ ಓದಿ, “ಬಿಚ್ಚಿ ನೋಡೋಣ, ಅದರಲ್ಲೇನಿದೆ?” ಅಂದುಬಿಟ್ಟರು. ಇಷ್ಟು ಸಲೀಸಾಗಿ ಒಪ್ಪಿದ್ದಾರೆಂದರೆ ಒಳಗೆ ಇನ್ನೇನೋ ಇದೆ ಅಂತ ಅವಳಿಗೆ ಅದಕ್ಕೂ ಗುಮಾನಿ.

ವಿಚಾರಣೆಯ ಕೋಣೆಯಲ್ಲಿ ಎರಡು ಹಾಸಿಗೆಗಳನ್ನು ಮೇಜಿನ ಮೇಲೆ ಹಾಕಿದ್ದರು. ವ್ಯಾಪಾರಿ ಮೂಲೆಯಲ್ಲಿ ಕೂತು ತಲೆ ಬಗ್ಗಿಸಿ ಮೊಬೈಲ್ ಒತ್ತುತ್ತಿದ್ದ. ಉಗ್ರಾಣದವನು ಮೊದಲು ವ್ಯಾಪಾರಿಯ ನಂಬರಿನ ಹಾಸಿಗೆಯ ಮೂಲೆ ಕತ್ತರಿಸಿದ. ಬಿಳಿ ಹತ್ತಿಯ ನಡುವೆ ಕೆಂಪು ದಾರ!

“ನೋಡಿದ್ರಾ! ಕಳ್ಳರು!” ಗುಮಾನಿಯಕ್ಕನ ಕೂಗಿಗೆ ಹೊರಗಿದ್ದ ಜವಾನನೂ ಇಣುಕಿದ.

“ತಡೀರಿ ಅಕ್ಕ,” ಅಂದು ಉಗ್ರಾಣದವನು ಅವಳ ನಂಬರಿನದನ್ನೂ ಕತ್ತರಿಸಿದ. ಅದರಲ್ಲೂ ಕೆಂಪು ದಾರ.

ಅವಳು ಮೇಜಿನ ಹತ್ತಿರ ಬಂದಳು. ಮೊದಲ ಹಾಸಿಗೆಯ ಅಂಚಿನ ಮೇಲೆ ಕೈಯಾಡಿಸಿದಳು. ಹೊಲಿಗೆ ತನ್ನದೇ. ತಿರುಗಿ ವ್ಯಾಪಾರಿಯ ಕಡೆ ನೋಡಿದಳು. ಇವತ್ತು ನೀಲಿ ಷರ್ಟು ಹಾಕಿದ್ದ, ಅಷ್ಟೇ.

“ನೆಂಟರು ಬಂದ್ರೇನಪ್ಪಾ?” ಅಂದಳು.

ಅವನು ತಡವರಿಸಿ ಎಲ್ಲ ಒಪ್ಪಿಕೊಂಡ. ಅವನಿಗೆ ಹಾಸಿಗೆ ಮಾಡುವ ಅಂಗಡಿಯೇ ಇರಲಿಲ್ಲ, ಅವಳಲ್ಲಿ ಕೊಂಡದ್ದನ್ನೇ ತನ್ನ ಮಾದರಿ ಅಂತ ಕೊಟ್ಟಿದ್ದ. ಕೆಲಸ ಸಿಕ್ಕ ಮೇಲೆ ಯಾರ ಕೈಯಲ್ಲಾದರೂ ಕಮ್ಮಿಗೆ ಹೊಲಿಸುವ ಯೋಚನೆ. ಅಂದರೆ ಚೀಟಿ ಬದಲಾಗಿರಲಿಲ್ಲ, ಅಂಕ ಹಾಕಿದವರು ಸರಿಯಾಗಿಯೇ ಹಾಕಿದ್ದರು. ಅವಳ ಒಳ್ಳೆಯ ಹಾಸಿಗೆ ಅವಳ ಕೆಟ್ಟ ಹಾಸಿಗೆಯನ್ನು ಸೋಲಿಸಿತ್ತು.

“ಇವರದು ರದ್ದು,” ಅಂದರು ಮೇಡಂ. “ಎರಡನೆಯವರು ನೀವು, ಕೆಲಸ ನಿಮಗೇ. ಮಾದರಿ ಹೊಸ ಹತ್ತಿಯದು, ಇಂಥದ್ದೇ ಕೊಡ್ತೀನಿ ಅಂತ ಇಲ್ಲೊಂದು ಸಹಿ ಹಾಕಿ.”

ಯಂತ್ರ ಅವಳ ಕಣ್ಣೆದುರು ಬಂತು, ನಾದಿನಿ ಬಂದಳು. ಹತ್ತಿಯನ್ನು ಯಾರಾದರೂ ಹಿಸುಕಿ ನೋಡುತ್ತಾರೇನೋ ಅಂತ ಸುತ್ತ ಕಣ್ಣಾಡಿಸಿದಳು. ಮೇಡಂ ಕೊಂಚ ಸಂಶಯ ತೋರಿಸಿದ್ದರೂ ಸಾಕಿತ್ತು, ಅವಳು ವಾದಕ್ಕೆ ನಿಂತು ಸಹಿ ಜಡಿದುಬಿಡುತ್ತಿದ್ದಳು. ಆದರೆ ಉಗ್ರಾಣದವನು ತಾನೇ ಪೆನ್ನು ಚಾಚಿ, “ಅಕ್ಕನ್ನ ಕೇಳೋದೇ ಬೇಡ ಮೇಡಂ. ನಮ್ಮಮ್ಮ ಹಾಸಿಗೆ ಹಿಡಿದಾಗ ಇವರ ಅಂಗಡಿ ಹಾಸಿಗೇನೇ ಹಾಸಿದ್ದು. ಕೊನೇವರೆಗೂ ಬೆನ್ನಲ್ಲಿ ಒಂದು ಹುಣ್ಣಾಗಲಿಲ್ಲ,” ಅಂದ.

ಗುಮಾನಿಯಕ್ಕ ಪೆನ್ನು ಹಿಡಿದು ಹಾಗೇ ನಿಂತಳು. ಅವಳಿಗೆ ನಾಚಿಕೆಯಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

“ಇದು ಹಳೇ ಹತ್ತಿ ಮೇಡಂ,” ಅಂದಳು. “ನೀವು ತಿಂದು ಹಾಕ್ತೀರಿ ಅಂತ ಹಳೇದು ತುಂಬಿದೆ.”

ಟೆಂಡರ್ ಪೂರ್ತಿ ರದ್ದಾಗಿ, ಹೊಸದಾಗಿ ಕರೆಯುವುದು ಅಂತಾಯಿತು. ಅವಳೂ ಮತ್ತೆ ಹಾಕಬಹುದು, ಆದರೆ ಎಲ್ಲರ ಜೊತೆಗೆ, ಮೊದಲಿನಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ಅತ್ತಳು.

ಅಂಗಡಿ ಮುಂದೆ ಗುಜರಿಯವನ ಗಾಡಿ ನಿಂತಿತ್ತು. ಗಂಡ ಕೇಳಿದ, “ಮೋಸ ಮಾಡಿದ್ದು ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಯ್ತು. ಮನೇಲಿರೋಳೇ, ನಾನೇ,” ಅಂದಳು. ಗುಜರಿಯವನ ಕಡೆ ತಿರುಗಿ, “ಇನ್ನೊಂದು ಟೆಂಡರ್ ಆಗೋವರೆಗೂ ಈ ಕಡೆ ತಲೆ ಹಾಕಬೇಡ,” ಅಂತ ಗದರಿಸಿ ಕಳಿಸಿದಳು. ಆಮೇಲೆ ಹೊಸ ಹತ್ತಿಯ ಮೂಟೆಯನ್ನು ಯಂತ್ರದ ಬಳಿಗೆ ಎಳೆದಳು.

ನಾದಿನಿ ಗಾಬರಿಯಾದಳು. “ಅತ್ತಿಗೆ, ಇಷ್ಟು ಒಳ್ಳೇ ಹತ್ತಿ ಮಾದರಿಗಾ? ಅದು ವಾಪಸ್ ಬರಲ್ಲ ಅಂತಿದ್ರಿ?”

“ಬರದಿದ್ರೆ ಬಿಡು. ಅಲ್ಲೇ ಯಾವುದಾದರೂ ರೋಗಿ ಮಲಗ್ತಾನೆ,” ಅಂದಳು ಗುಮಾನಿಯಕ್ಕ, ಮೂಟೆಯ ಬಾಯಿ ಬಿಚ್ಚುತ್ತ.