ಕೆಂಚಮ್ಮನ ಗೋಡೆಯ ಗೆರೆಗಳು

ಷರತ್ತು ಹಾಕದ ಮನೆ ಓನರ್ ಎಲ್ಲಾದರೂ ಇದ್ದಾರೆಯೇ? ಗೋಡೆಗೆ ಮೊಳೆ ಹೊಡೆಯಬೇಡಿ, ನೆಂಟರು ಮೂರು ದಿನಕ್ಕಿಂತ ಹೆಚ್ಚು ಇರಬಾರದು, ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯಬೇಡಿ. ಇವೆಲ್ಲ ನನಗೆ ಹಳೆಯವು. ಆದರೆ ಕಳೆದ ತಿಂಗಳು ದುರ್ಗದ ಕೋಟೆ ಕೆಳಗಿನ ಓಣಿಯಲ್ಲಿ ನಾವು ಹಿಡಿದ ಮನೆಯ ಒಡತಿ ಕೆಂಚಮ್ಮ ಹಾಕಿದ್ದು ಒಂದೇ ಷರತ್ತು.

"ಒಳಕೋಣೆ ಗ್ವಾಡೆಗೆ ಸುಣ್ಣ ಬಳೀಬ್ಯಾಡ್ರಿ. ಇನ್ನೇನಾದ್ರೂ ಮಾಡ್ಕಳ್ರಿ."

ಒಂದು ಕೆಲಸ ತಪ್ಪಿತು ಎಂದು ನಾನು ಖುಷಿಪಟ್ಟೆ. (ಸೋಮಾರಿಗೆ ಇದಕ್ಕಿಂತ ಒಳ್ಳೆಯ ಓನರ್ ಬೇಕೇ?) ಕೆಂಚಮ್ಮ ಇರುವುದು ಪಕ್ಕದ ಮನೆಯಲ್ಲಿ, ಎರಡು ಮನೆಗೂ ನಡುವೆ ಒಂದೇ ಗೋಡೆ.

ಟ್ರಂಕು ಇಳಿಸಿದ ಮೇಲೆ ಆ ಗೋಡೆಯನ್ನು ನೋಡಿದವಳು ನನ್ನ ಹೆಂಡತಿ ಮಂಗಳ. ತುಂಬ ಪೆನ್ಸಿಲ್ ಗೆರೆಗಳು. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎತ್ತರಕ್ಕೆ ಗೆರೆ ಎಳೆದು ತಾರೀಖು ಬರೆಯುತ್ತೇವಲ್ಲ, ಅಂಥವು. ಅಕ್ಕಪಕ್ಕ ಎರಡು ಸಾಲು. ಎರಡೂ ನನ್ನ ಎದೆಮಟ್ಟದಲ್ಲಿ ಶುರುವಾಗಿದ್ದವು. ಒಂದು ಸಾಲಿನ ಗೆರೆಗಳು ಅಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ಇನ್ನೊಂದು ಸಾಲು ಕೆಳಗಿಳಿಯುತ್ತಾ ಮೊಣಕಾಲನ್ನೂ ದಾಟಿತ್ತು. ತಾರೀಖು ಮುಂದೆ ಹೋದಂತೆ ಗೆರೆ ಕೆಳಗೆ.

ಮಂಗಳ ಐದು ತಿಂಗಳ ಬಸುರಿ. ತಾರೀಖುಗಳನ್ನು ಎರಡು ಸಲ ಓದಿ ಟ್ರಂಕಿನ ಮೇಲೆ ಕುಳಿತುಬಿಟ್ಟಳು.

"ಒಂದು ಮಗು ಬೆಳೆದೇ ಇಲ್ಲ ಕಣ್ರೀ. ಇನ್ನೊಂದು ದಿನಾ ದಿನಾ ಸಣ್ಣದಾಗೈತೆ."

ನಾನು ನಕ್ಕೆ. ನಗು ಅಷ್ಟು ಚೆನ್ನಾಗಿ ಬರಲಿಲ್ಲ.

ಮೂಲೆ ಅಂಗಡಿಯವನನ್ನು ವಿಚಾರಿಸಿದೆ. ಮುಂಚೆ ಇದ್ದವನು ರುದ್ರಪ್ಪ ಅಂತ, ಒಂಟಿ ಮನುಷ್ಯ. ದಿನಾ ಬೆಳಿಗ್ಗೆ ಆರಕ್ಕೆ ಬಾಗಿಲು ಹಾಕಿಕೊಂಡು ಎರಡು ಲೆಕ್ಕ ಗಟ್ಟಿಯಾಗಿ ಹೇಳುತ್ತಿದ್ದನಂತೆ. ಒಂದು ಯಾವತ್ತೂ ಹದಿನೆಂಟು. ಇನ್ನೊಂದು ದಿನಕ್ಕಿಷ್ಟು ಏರುತ್ತಿತ್ತು. ಒಂದು ದಿನ ದನಿ ನಿಂತಿತು. ಅದೇ ವಾರ ಮನೆ ಖಾಲಿ.

ಇಷ್ಟಾಗಿದ್ದರೆ ನಾನು ಈ ವಾರದ ಅಂಕಣದಲ್ಲಿ ಬೇರೇನಾದರೂ ಬರೆಯುತ್ತಿದ್ದೆ. ಆದರೆ ಇಳಿಯುವ ಸಾಲಿನ ಕೊನೆಯ ಕೆಲವು ಗೆರೆಗಳಿಗೆ ತಾರೀಖು ಇರಲಿಲ್ಲ. ನಾವು ಬಂದಾಗ ಅಂಥವು ಒಂಬತ್ತಿದ್ದವು. ಮೂರು ವಾರ ಕಳೆದು ಎಣಿಸಿದರೆ ಹನ್ನೆರಡು! ಸೋಮವಾರ ನಾನು ಆಫೀಸಿಗೆ, ಮಂಗಳ ಈಶ್ವರನ ಗುಡಿಗೆ, ಮನೆಗೆ ಬೀಗ. ಹಿಂದಿರುಗಿದರೆ ಒಂದು ಗೆರೆ ಹೆಚ್ಚಿಗೆ ಇರುತ್ತಿತ್ತು. ನಾನು ಅವಳನ್ನು ಅನುಮಾನಿಸಿದೆ, ಅವಳು ನನ್ನನ್ನು. ಇಬ್ಬರೇ ಇರುವ ಮನೆಯಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುವುದಿದೆಯಲ್ಲ, ಆ ಕಷ್ಟ ಯಾರಿಗೂ ಬೇಡ.

"ಸುಣ್ಣ ಬಳೀರಿ. ಇಲ್ಲಾಂದ್ರೆ ನಾನು ಸಿರಿಗೆರೆ ಬಸ್ ಹತ್ತಿ ತವರಿಗೆ ಹೋಗ್ತೀನಿ" ಎಂದಳು. ಓನರ್ ಷರತ್ತು ದೊಡ್ಡದೋ, ಬಸುರಿ ಹೆಂಡತಿಯ ಷರತ್ತು ದೊಡ್ಡದೋ? ಹೋದ ಭಾನುವಾರ ಗಡಿಗೆಯಲ್ಲಿ ಸುಣ್ಣ ನೆನೆಹಾಕಿದೆ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಐವತ್ತರ ಆಸುಪಾಸಿನ ಮನುಷ್ಯ. ಉಗುರುಗಳ ಸಂದಿಯಲ್ಲೆಲ್ಲ ಕಪ್ಪು.

"ನಾನ್ರೀ ರುದ್ರಪ್ಪ. ಮುಂಚೆ ಇಲ್ಲಿದ್ದೆ. ಗ್ವಾಡೆ ಒಂದ್ಸಲ ನೋಡ್ಕಂಡು ಹೋಗ್ತೀನಿ ಸಾರ್."

ಹಿರಿಯೂರು ರಸ್ತೆಯ ಟೈರ್ ರೀಟ್ರೆಡಿಂಗ್ ಅಂಗಡಿಯಲ್ಲಿ ಅವನಿಗೆ ಕೆಲಸ. ಸವೆದ ಟೈರಿಗೆ ಹೊಸ ರಬ್ಬರ್ ಸುತ್ತಿ, ಅಚ್ಚಿನಲ್ಲಿಟ್ಟು, ಹಬೆಯಲ್ಲಿ ಬೇಯಿಸುವುದು. ಬೆಂದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

"ಅಗುಳು ಹಿಸುಕಿ ನೋಡ್ದಂಗೆ, ಅಂಚಿಗೆ ಉಗುರು ಒತ್ತಬೇಕ್ರಿ. ಗುರುತು ಮಾಯ ಆದ್ರೆ ಬೆಂದೈತೆ. ಉಳೀತು ಅಂದ್ರೆ ಇನ್ನೂ ಹಸಿ."

ಎರಡು ವರ್ಷದ ಹಿಂದೆ ಮಲ್ಲೇಶ ಎನ್ನುವ ಲಾರಿ ಡ್ರೈವರ್ ಅವನ ತಲೆ ಮೇಲೆ ನಿಂತಿದ್ದ. ಹೊಸದುರ್ಗದಲ್ಲಿ ತೆಂಗಿನಕಾಯಿ ಲೋಡು ಕಾಯುತ್ತಿತ್ತು. ಸಾಕು ಬಿಡು ಮಾವ, ಬೆಂದಿರ್ತೈತೆ, ತೆಗಿ ಎಂದ. ಗಡಿಯಾರದಲ್ಲಿ ಇನ್ನೂ ಅರ್ಧ ಗಂಟೆ ಬಾಕಿ. ರುದ್ರಪ್ಪ ಉಗುರು ಒತ್ತಿದ, ತೆಗೆದುಕೊಟ್ಟ. ಅದೇ ಸಂಜೆ, ಬಾಗೂರಿನ ಹತ್ತಿರ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ರಬ್ಬರ್ ಸುಲಿದುಕೊಂಡಿತು. ಲಾರಿ ಹೊಲಕ್ಕೆ ಮಗುಚಿತು. ಮಲ್ಲೇಶ ಏಳಲಿಲ್ಲ. ಅವತ್ತು ಸೋಮವಾರ.

"ಉಗುರಿನ ಗುರುತು ಮಾಯ ಆಗಿತ್ತಾ, ಉಳಿದಿತ್ತಾ? ಎಷ್ಟು ತಲೆ ಚಚ್ಕಂಡ್ರೂ ನೆಪ್ಪಿಗೆ ಬರವಲ್ದು ಸಾರ್."

ಅದಕ್ಕೇ ಅವನು ಸುಲಿದ ರಬ್ಬರಿನ ಒಂದು ತುಂಡು ತಂದ. ಉದ್ದ ಪಟ್ಟಿ ಕತ್ತರಿಸಿದ. ಚೆನ್ನಾಗಿ ಬೆಂದ ರಬ್ಬರಿನದೂ ಅದೇ ಅಳತೆಯ ಪಟ್ಟಿ. ಎರಡನ್ನೂ ಗೋಡೆಯ ಪಕ್ಕ ತೊಲೆಯಿಂದ ಹಗ್ಗದಲ್ಲಿ ನೇತುಹಾಕಿ, ತುದಿಗೆ ಒಂದೇ ತೂಕದ ಕಲ್ಲು ಕಟ್ಟಿದ. ಬೆಂದದ್ದು ಸ್ವಲ್ಪ ಹಿಗ್ಗಿ ನಿಲ್ಲುತ್ತದೆ. ಹಸಿಯದು ಇಳಿಯುತ್ತಲೇ ಹೋಗುತ್ತದೆ. ದಿನಾ ಟೇಪು ಹಿಡಿದು ಎರಡರ ಉದ್ದವನ್ನೂ ಇಂಚಿನಲ್ಲಿ ಅಳೆದು ಗಟ್ಟಿಯಾಗಿ ಹೇಳಿಕೊಂಡ, ಕಲ್ಲು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದ.

"ಹತ್ತು ದಿನಕ್ಕೇ ಗೊತ್ತಾಗಿರಬೇಕಲ್ಲ?" ಎಂದೆ.

"ಗೊತ್ತಾತು. ನಾಳೆ ನಿಲ್ತೈತೇನೋ ಅಂತ ನಲವತ್ತು ದಿನ ನೋಡ್ದೆ. ಒಂದಿನ ಹರೀತು. ಅವತ್ತಿಗೆ ಬಿಟ್ಟೆ."

"ಈ ಮನೇಲೇ ಯಾಕೆ?"

ಅವನು ತಲೆ ತಗ್ಗಿಸಿದ. "ಮಲ್ಲೇಶ ಕೆಂಚಮ್ಮನ ಮಗ. ಆಯಮ್ಮಗೆ ಹೇಳಾಣ ಅಂತ್ಲೇ ಬಾಡಿಗೆಗೆ ಬಂದೆ. ಬಾಯಿ ಬರ್ಲಿಲ್ಲ. ಇವತ್ತು ಹೇಳೇ ಹೋಗ್ತೀನಿ."

ಎದ್ದು ಗೋಡೆಯ ಹತ್ತಿರ ಹೋದ. ಇಳಿಯುವ ಸಾಲಿನ ಮೇಲೆ ಬೆರಳಾಡಿಸುತ್ತಾ ಬಂದು ಮೊಣಕಾಲಿನ ಮಟ್ಟದಲ್ಲಿ ನಿಂತ.

"ಹರಿದಿದ್ದು ಇಲ್ಲಿ. ಇದರ ಕೆಳಗಿನವು ನನ್ನವಲ್ಲ."

ಮಂಗಳ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಕೆಂಚಮ್ಮ ನಿಂತಿದ್ದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು. (ನಮ್ಮ ಮನೆಯದೂ ಅದರಲ್ಲಿತ್ತು. ನನಗೆ ಹೊಳೆದೇ ಇರಲಿಲ್ಲ.)

"ನಾವು ಉಣ್ಣೆ ನೂಲೋರು ಕಣಪ್ಪ" ಎಂದಳು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೆ ಭಯವಾಗಿದ್ದೇ ಅದಕ್ಕೆ. "ಎಳೆಗೆ ಭಾರ ಕಟ್ಟಿ ಬಿಟ್ರೆ ಗಟ್ಟಿನಾ ಪೊಳ್ಳಾ ತಿಳೀತೈತೆ. ನಂಗೆ ಓದು ಬರಾಕಿಲ್ಲ, ಕಿವಿ ಕೇಳ್ತೈತೆ. ನನ್ನ ಮಗನ ಟೈರು ಬೇಯಿಸಿದೋನು ನೀನೇ ಅಂತ ಗೊತ್ತಿತ್ತು. ನೀನು ದಿನಾ ಎರಡು ಲೆಕ್ಕ ಹೇಳ್ತಿದ್ದೆ. ಒಂದು ನಿಂತಿತ್ತು, ಒಂದು ನಿಲ್ತಿರ್ಲಿಲ್ಲ. ಇವತ್ತು ಬಂದು ಹೇಳ್ತೀಯ, ನಾಳೆ ಬಂದು ಹೇಳ್ತೀಯ ಅಂತ ಗ್ವಾಡೆ ಆಚೆ ಕುಂತಿದ್ದೆ."

ರುದ್ರಪ್ಪ ಅವಳ ಕಾಲಿಗೆ ಬಿದ್ದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹರೀತು ಅಂತ ನೀನು ಬಿಟ್ಟು ಹೋದೆ. ನಂಗೆ ಎಲ್ಲಿ ಹರೀತೈತಪ್ಪ?"

ಎಲೆಅಡಿಕೆ ಸಂಚಿಯಿಂದ ಒಂದು ಮೋಟು ಪೆನ್ಸಿಲ್ ತೆಗೆದಳು. ಅವನೇ ಬಿಟ್ಟುಹೋದದ್ದು. ಅದನ್ನು ಅವನ ಕೈಗೆ ಕೊಟ್ಟಳು.

"ಸೋಮವಾರ ಸೋಮವಾರ ನಾನು ಎಳೀತಿದ್ದೆ. ನಂಗೀಗ ಬಗ್ಗಾಕೆ ಆಗಲ್ಲ. ಇನ್ಮ್ಯಾಲೆ ನೀನೇ ಬಂದು ಎಳಿ."

ಇಷ್ಟೇ ನಡೆದದ್ದು. ಮರುದಿನ ಆಫೀಸಿನಲ್ಲಿ ಒಂದು ಫೈಲು ಬಂತು. "ಸಾಕು ಬಿಡಿ ಸಾರ್, ಸೈನ್ ಹಾಕಿ" ಎಂದರು. ದಿನಕ್ಕೆ ಎಷ್ಟು ಸಲ ಈ ಮಾತು ಕೇಳುತ್ತೇವೆ, ಎಷ್ಟು ಸಲ ನಾವೇ ಹೇಳುತ್ತೇವೆ? ನಾನು ಫೈಲನ್ನು ಮೊದಲಿನಿಂದ ಓದಿದೆ. (ಗುಮಾಸ್ತರು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.)

ಗಡಿಗೆಯ ಸುಣ್ಣ ಒಣಗಿದೆ. ಮಂಗಳ ತವರಿನ ಮಾತೆತ್ತಿಲ್ಲ. ಈ ಸೋಮವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ರುದ್ರಪ್ಪ ಬಂದ. ನಾವು ದಾರಿ ಬಿಟ್ಟೆವು. ನೆಲಕ್ಕೆ ಮೈ ಬಗ್ಗಿಸಿ ಗೆರೆ ಎಳೆದ, ಹೋದ. ಗೋಡೆಯಾಚೆ ಕೆಂಚಮ್ಮ ಕೆಮ್ಮಿದ್ದು ಕೇಳಿಸಿತು.

ಇನ್ನು ನಾಲ್ಕು ಬೆರಳಷ್ಟೇ ಗೋಡೆ ಉಳಿದಿದೆ. ನೆಲ ಮುಟ್ಟಿದ ಮೇಲೆ ಅವನು ಗೆರೆ ಎಲ್ಲಿ ಎಳೆಯುತ್ತಾನೆ?