ಪೈಲ್ವಾನರ ಹಣೆ ಮೇಲಿನ ಸೊಳ್ಳೆ

ಮಲೇರಿಯಾ ಕೆಲಸದಲ್ಲಿದ್ದಾಗ ಹೆಬ್ಬಾಳದಲ್ಲಿ ಮನೆಮನೆಗೂ ಹೋಗಿ ಗೋಡೆಗೆ ಡಿ.ಡಿ.ಟಿ. ಹೊಡೀತಿದ್ದೆ. ಒಂದು ಜಗಲಿ ಮೇಲೆ ಊರಿನ ಹಳೇ ಪೈಲ್ವಾನರೊಬ್ಬರು ಒರಗಿ ಕೂತಿದ್ದರು. ಹಣೆ ಮೇಲೊಂದು ಸೊಳ್ಳೆ ರಕ್ತ ಹೀರಿ ಊದಿಕೊಳ್ಳುತ್ತಿದ್ದರೂ ಸುಮ್ಮನಿದ್ದರು. ನನಗೆ ರೇಗಿತು.

“ನಾವಿಷ್ಟು ಬಡ್ಕೋತೀವಿ, ನೀವು ಸೊಳ್ಳೆ ಸಾಕ್ತೀರಲ್ರೀ! ಕಚ್ಚಿದ್ದೂ ಗೊತ್ತಾಗಲ್ವಾ?”

“ಚೆನ್ನಾಗೇ ಗೊತ್ತಾಯ್ತದೆ ಸಾಮಿ. ಕೈ ಎತ್ತಕ್ಕಾಗಾಕಿಲ್ಲ.” ಮಾತು ತೊದಲುತ್ತಿತ್ತು. ಮಡಿಲಲ್ಲಿದ್ದ ಕೈಗಳಲ್ಲಿ ಬರೀ ಮೂಳೆ, ಚರ್ಮ. “ಮೆದುಳಿನ ಅಪ್ಪಣೆ ಮಾಂಸಕ್ಕೆ ಮುಟ್ಟಿಸೋ ನರಗಳು ಸಾಯ್ತಾ ಅವಂತೆ. ಅಪ್ಪಣೆ ಸಿಗದ ಮಾಂಸ ಸವೆದೋಯ್ತದಂತೆ. ಮೊದ್ಮೊದ್ಲು ತೋಳು ತಾನಾಗೇ ಪಟಪಟ ಅದುರೋದು. ಗರಡಿಯೋರು ಬಲ ಉಕ್ತಾ ಐತೆ ಅಂತ ಮುಟ್ಟಿ ಕಣ್ಗೊತ್ಕೊಳ್ಳೋರು.”

“ಇದಕ್ಕೆ ಔಷಧಿ?”

“ಇಲ್ವಂತೆ. ಬುದ್ಧಿ ಮಾತ್ರ ಕೊನೆಗಂಟ ನೆಟ್ಟಗಿರ್ತದೆ, ಸಮಾಧಾನ ಮಾಡ್ಕೋ ಅಂದ್ರು ಡಾಕುಟ್ರು. ಈಗ ಆ ಸೊಳ್ಳೆಗೊಂದು ಬಡೀರಿ ಮತ್ತೆ.”

ಬಡಿದೆ. ಅಂಗೈಗೆ ಅವರ ರಕ್ತ ಮೆತ್ತಿಕೊಂಡಿತು.

ಪೈಲ್ವಾನರು ನಕ್ಕರು. “ಈ ಸೀಮೇಲಿ ನನ್ ಮುಖಕ್ಕೆ ಕೈ ಮಾಡ್ದ ಮೊದಲ್ನೇ ಗಂಡಸು ನೀವೇ ಕಣ್ರೀ.”

ನಾನು ಅವರ ಗೋಡೆಗೆ ಎರಡೆರಡು ಸಲ ಡಿ.ಡಿ.ಟಿ. ಹೊಡೆದು ಬಂದೆ. ಸೊಳ್ಳೆಗಾದರೂ ಸರ್ಕಾರ ಔಷಧಿ ಕೊಟ್ಟಿತ್ತಲ್ಲ.