ಮದುವೆಗಳಿಲ್ಲದ ವರ್ಷದ ಲೆಕ್ಕ

ನಮ್ಮ ಅಂಗಡಿಯ ವರ್ಷದ ಲೆಕ್ಕ ನಿಂತಿದ್ದದ್ದು ಊರವರ ಮದುವೆಗಳ ಮೇಲೆ. ಮಾನ್ವಿಯಲ್ಲಿ ನಮ್ಮದು ಎರಡು ಮಷಿನ್ನಿನ ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಅಂಗಿ, ಪ್ಯಾಂಟು ಹೊಲಿಯುತ್ತಿದ್ದರು, ನಾನು ಕುಪ್ಪಸ. ಶಾಲೆ ಶುರುವಾಗುವಾಗ ಮಕ್ಕಳ ಯೂನಿಫಾರ್ಮು, ರಂಜಾನಿಗೆ, ದೀಪಾವಳಿಗೆ ಹೊಸ ಅಂಗಿ ಬರುತ್ತಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಅವೆಲ್ಲ ಹೊಟ್ಟೆಗೆ ಸರಿಹೋಗುತ್ತಿದ್ದವು. ಬಾಡಿಗೆ, ಮಷಿನ್ ರಿಪೇರಿ, ಮಗಳ ಹೆಸರಲ್ಲಿ ನಾಲ್ಕು ಕಾಸು ಎತ್ತಿಡುವುದು, ಇದೆಲ್ಲ ಮದುವೆ ಬಟ್ಟೆಯಿಂದಲೇ ಆಗಬೇಕು. ಒಂದು ಮನೆಯ ಮದುವೆ ಎಂದರೆ ಮದುಮಗಳ ಕುಪ್ಪಸ ಮಾತ್ರವಲ್ಲ. ಅವಳ ಅವ್ವ, ಅತ್ತೆ, ಅಕ್ಕತಂಗಿಯರು, ಬೀಗರಿಗೆ ಉಡುಗೊರೆಯಾಗಿ ಆಯೇರಿ ಮಾಡುವ ಸೀರೆಯ ಕುಪ್ಪಸಗಳು, ಎಲ್ಲ ಒಂದೇ ಗಂಟಿನಲ್ಲಿ ಬಂದು ಬೀಳುತ್ತಿದ್ದವು.

ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಅದಕ್ಕೆ ಪ್ರತಿವರ್ಷ ದೀಪಾವಳಿಗೆ ಮೊದಲು ನಾನು ಮಾನ್ವಿಯ ಮನೆಮನೆ ತಿರುಗುತ್ತಿದ್ದೆ. ಗಂಡ ಬಸ್ಸು ಹತ್ತಿ ನನ್ನ ತವರು ದೇವದುರ್ಗಕ್ಕೆ, ಅಲ್ಲಿಂದ ಗಬ್ಬೂರಿಗೆ ಹೋಗಿ ಬರುತ್ತಿದ್ದರು. "ಈ ವರ್ಷ ಮನ್ಯಾಗ ಲಗ್ನ ಅದ ಏನ್ರೀ?" ಎಂದು ನೇರವಾಗಿ ಕೇಳುವುದು. ಕೇಳಲಿಕ್ಕೆ ನಾಚಿಕೆ ಎಂಥದ್ದು? ಅವರೂ ಖುಷಿಯಿಂದ ಹೇಳುತ್ತಿದ್ದರು. ಯಾವ ಹುಡುಗಿಗೆ ಗಂಡು ನೋಡಿ ಹೋಗಿದ್ದಾರೆ, ಯಾರ ಮನೆಯ ಮಾತು ಮುರಿದುಬಿತ್ತು, ಎಲ್ಲ ನಮಗೆ ಅವರ ಬಳಗಕ್ಕಿಂತ ಮೊದಲೇ ಗೊತ್ತಾಗುತ್ತಿತ್ತು.

ಪಾಡ್ಯದ ದಿನ ಮಷಿನ್ನಿಗೆ, ಕತ್ತರಿಗೆ ಪೂಜೆ ಮಾಡಿ, ಬಟ್ಟೆ ಕತ್ತರಿಸುವ ಹಲಗೆಯ ಸುತ್ತ ಕೂರುತ್ತಿದ್ದೆವು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಗಂಡ ಆ ಹಲಗೆಯ ಮೇಲೆಯೇ ಬರೆಯುತ್ತಿದ್ದರು. ಎಡಕ್ಕೆ ಮದುವೆ ಮನೆಗಳು, ಬಲಕ್ಕೆ ಖರ್ಚು. ಮನೆ ಎಷ್ಟು ಎಂಬುದರ ಮೇಲೆ ರಾಯಚೂರಿನಿಂದ ತರುವ ದಾರ, ಹುಕ್ಕು, ಅಸ್ತರಿನ ಬಟ್ಟೆ ಎಷ್ಟು, ಗುಂಡಿಗೆ ಕಾಜಾ ಹಾಕಲು ಒಬ್ಬಳನ್ನು ಇಟ್ಟುಕೊಳ್ಳುವುದೋ ಬೇಡವೋ ಎಂದು ನಿಶ್ಚಯವಾಗುತ್ತಿತ್ತು. ಗುಣಿಸಿ ಕೂಡಿಸಿ ಹೇಳುವವಳು ನಮ್ಮ ಮಗಳು. ಒಬ್ಬಳೇ ಮಗಳು. ಟೇಪನ್ನು ಕೊರಳಿಗೆ ಹಾಕಿಕೊಂಡು, ಬೆರಳು ಸಹ ಮಡಚದೆ ಲೆಕ್ಕ ಹೇಳುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಅವಳ ಮದುವೆಯನ್ನೂ ಹಲಗೆಗೆ ಹಾಕಿದೆವು. ಗಂಡ ಅವಸರದಲ್ಲಿ ಅದನ್ನು ಎಡಕ್ಕೆ, ಬರುವ ದುಡ್ಡಿನ ಕಡೆ ಬರೆದುಬಿಟ್ಟರು.

"ಯಪ್ಪಾ, ನನ್ನ ಕುಪ್ಪಸ ಹೊಲ್ದು ನನ್ನ ಕಡಿಂದನ ಕೂಲಿ ತಗೋತೀಯೇನು?" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಆ ಚಳಿಗಾಲದಲ್ಲೇ ಅವಳಿಗೆ ಕಾಮಾಲೆಯಾಯಿತು. ಊರಲ್ಲಿ ಕೊಡುವ ಸೊಪ್ಪಿನ ಔಷಧಿ ಕೊಡಿಸಿದೆವು, ಪಥ್ಯ ಮಾಡಿದೆವು, ಕಡೆಗೆ ರಾಯಚೂರಿಗೆ ಒಯ್ದೆವು. ಯುಗಾದಿ ಕಾಣಲಿಲ್ಲ ನನ್ನ ಮಗಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಮನೆಯಲ್ಲಿ ಬೇರೆಯವರ ಮದುವೆ ಬಟ್ಟೆ ರಾಶಿ ಬಿದ್ದಿತ್ತು. ಮುಹೂರ್ತಗಳು ನಮಗಾಗಿ ನಿಲ್ಲುತ್ತವೆಯೇ? ಕಣ್ಣೀರು ಒರೆಸುತ್ತಾ ಅವನ್ನೆಲ್ಲ ಹೊಲಿದು ಕೊಟ್ಟೆ.

ಮತ್ತೆ ದೀಪಾವಳಿ ಬಂತು. ಸೂತಕದ ವರ್ಷ, ನಮಗೆ ಹಬ್ಬವಿಲ್ಲ. ಆದರೆ ಬಾಡಿಗೆ ಕೇಳುವವನಿಗೆ ಸೂತಕ ತಿಳಿಯುವುದಿಲ್ಲವಲ್ಲ. ವರ್ಷದ ಲೆಕ್ಕ ಹಾಕಲೇಬೇಕಿತ್ತು. ಕಲ್ಲು ಮನಸ್ಸು ಮಾಡಿಕೊಂಡು ಮನೆಮನೆಗೆ ಹೊರಟೆ.

ಮೊದಲ ಮನೆಯಾಕೆ ನನ್ನ ಕೈ ಹಿಡಿದು ಒಳಗೆ ಕರೆದು ಚಹಾ ಕೊಟ್ಟಳು. "ಈ ವರ್ಷ ನಮ್ಮ ಮನ್ಯಾಗ ಏನೂ ಇಲ್ಲ ಬೇ" ಎಂದಳು. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯಲ್ಲಿ, "ಮುಂದಿನ ವರ್ಷ ನೋಡೂಣವ್ವಾ" ಎಂದರು. ತಿರುಗಿ ತಿರುಗಿ ಕಾಲು ಬಿದ್ದುಹೋದವು. ಎಲ್ಲರೂ ಪ್ರೀತಿಯಿಂದ ಮಾತಾಡಿಸಿದರು, ಯಾರ ಮನೆಯಲ್ಲೂ ಮದುವೆಯಿಲ್ಲ. ದೇವದುರ್ಗ, ಗಬ್ಬೂರಿಗೆ ಹೋಗಿದ್ದ ಗಂಡನೂ ಬರಿಗೈಯಲ್ಲೇ ಬಂದರು.

"ಏನಾಗ್ಯದ ಈ ಊರುಗಳಿಗೆ? ಹೆಣ್ಣುಮಕ್ಕಳೇ ಇಲ್ಲೇನು?" ಎಂದೆ.

"ನನಗೇನು ಗೊತ್ತು? ಕೇಳ್ದಲ್ಲೆಲ್ಲಾ ಇಲ್ಲ ಅಂದ್ರು" ಎಂದರು.

ಪಾಡ್ಯದ ದಿನ ಹಲಗೆಯ ಎಡಭಾಗ ಖಾಲಿ ಉಳಿಯಿತು. ಬಲಭಾಗದ ಖರ್ಚುಗಳನ್ನೇ ಅತ್ತಿತ್ತ ಕತ್ತರಿಸುತ್ತಾ ಕೂತೆವು. ದಾರ ತರುವುದು ಬೇಡ. ಕಾಜಾ ಹಾಕುವವಳಿಗೆ ಬರಬೇಡವೆಂದು ಹೇಳಿದ್ದಾಯಿತು. ಆದರೂ ತೂಗಲಿಲ್ಲ. ಕಡೆಗೆ ಗಂಡ ತಲೆ ತಗ್ಗಿಸಿಕೊಂಡೇ ಹೇಳಿದರು: "ನಿನ್ನ ಮಷಿನ್ ಮಾರೂಣು. ಮದಿವಿ ಬರ್ಲಿಲ್ಲಂದ್ರ ಸಂಕ್ರಾಂತಿ ಆದ ಕೂಡ್ಲೆ ಕೊಟ್ಟುಬಿಡೂಣು." ನಾನು ಹೂಂ ಅಂದೆ. ಮಗಳು ಹೋದ ಮೇಲೆ ನನ್ನನ್ನು ಹುಚ್ಚಿಯಾಗದ ಹಾಗೆ ಹಿಡಿದಿಟ್ಟಿದ್ದು ಆ ಮಷಿನ್ನೇ. ಕಾಲು ಆಡುತ್ತಿದ್ದಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು.

ತುಳಸಿ ಲಗ್ನವಾದ ಕೆಲವೇ ದಿನಕ್ಕೆ ನಮ್ಮ ಓಣಿಯಲ್ಲಿ ಬಾಜಾ ಸದ್ದು ಕೇಳಿತು. ಬಾಗಿಲಿಗೆ ಬಂದು ನೋಡುತ್ತೇನೆ, ಮದುವೆ ಮೆರವಣಿಗೆ! ಅದೂ ಯಾರದ್ದು? ನನಗೆ ಕೈ ಹಿಡಿದು ಚಹಾ ಕೊಟ್ಟಿದ್ದಳಲ್ಲ, ಆ ಮೊದಲ ಮನೆಯಾಕೆಯ ಮಗಳದ್ದು. ಆ ಹುಡುಗಿಯ ಕುಪ್ಪಸ ನೋಡಿದರೆ ತೋಳಿನ ಹತ್ತಿರ ನೆರಿಗೆ ಬಿದ್ದಿದೆ, ಬೆನ್ನು ಎಳೆದಿದೆ. ಯಾವ ಪುಣ್ಯಾತ್ಮ ಹೊಲಿದಿದ್ದನೋ! ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು.

ಮದುವೆಯ ಗದ್ದಲ ಮುಗಿದ ಮೇಲೆ ಅವರ ಮನೆಗೇ ಹೋಗಿ ಕೇಳಿದೆ. "ಯಾಕ್ರೀ ಸುಳ್ಳು ಹೇಳಿದ್ರಿ? ನನ್ನ ಕೈ ಕೆಟ್ಟಾವೇನು?"

ಆಕೆ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. "ಹಂಗನಬ್ಯಾಡ ಬೇ. ಮಗಳನ್ನ ಕಳ್ಕೊಂಡಾಕಿ ಮುಂದ ನನ್ನ ಮಗಳ ಮದಿವಿ ಕುಪ್ಪಸ ಹೆಂಗ ಇಡ್ಲಿ? ನಿನ್ನ ಮಕ ನೋಡಿ ಬಾಯೇ ಬರ್ಲಿಲ್ಲ. ಬಟ್ಟಿ ರಾಯಚೂರಿಗಿ ಕಳಿಸಿದ್ವಿ. ನಾವೊಬ್ರೇ ಅಲ್ಲ, ಎಲ್ಲರೂ ಕಳಿಸ್ಯಾರ."

"ಕರುಣಾದಿಂದ ಕಳಿಸೀರೋ, ಅಪಶಕುನ ಅಂತ ಕಳಿಸೀರೋ?" ಎಂದೆ.

ಆಕೆ ಅಳುತ್ತಲೇ ನನ್ನ ಕೈ ಹಿಡಿದುಕೊಂಡಳು. ಎರಡೂ ಇತ್ತೇನೋ. ಊರೆಲ್ಲ ಸೇರಿ ನನ್ನ ಹೊಟ್ಟೆಗೆ ಬೆಂಕಿ ಬೀಳದಿರಲೆಂದು ನನ್ನ ಒಲೆಯ ಬೆಂಕಿ ಆರಿಸಿತ್ತು. ಬೈಯಬೇಕೆಂದು ಹೋದವಳು ಬೈಯಲಾರದೆ ಬಂದೆ. ಬಂದು ಅತ್ತೆ. ಅವರ ಮೇಲೆ ಸಿಟ್ಟಿಲ್ಲದೆ ಅಳುವುದು ಇನ್ನೂ ಕಷ್ಟ.

ಮಷಿನ್ ನೋಡಲು ಒಬ್ಬ ಬಂದು ಹೋದ. ರೇಟಿಗೆ ಜಗ್ಗಾಡಿ, ಸಂಕ್ರಾಂತಿಯ ನಂತರ ಒಯ್ಯುತ್ತೇನೆಂದ. ಅದಾದ ಮಾರನೆಯ ದಿನ ಮಧ್ಯಾಹ್ನ, ಹಿಂದಿನ ಓಣಿಯ ಹುಡುಗಿಯೊಬ್ಬಳು ಸೆರಗಿನಡಿ ಏನೋ ಮುಚ್ಚಿಕೊಂಡು ಒಳಗೆ ಬಂದಳು. ನನ್ನ ಮಗಳ ಜೊತೆ ಶಾಲೆಗೆ ಹೋದವಳು, ಅವಳ ಜೀವದ ಗೆಳತಿ. ನನ್ನನ್ನು ಚಿಗವ್ವ ಎಂದು ಕರೆಯುತ್ತಿದ್ದಳು. ಅವರ ಮನೆಯಲ್ಲೂ ಮದುವೆಯಿಲ್ಲ ಎಂದೇ ನನಗೆ ಹೇಳಿದ್ದರು.

ಹಲಗೆಯ ಮೇಲೆ ಕುಪ್ಪಸದ ಹಸಿರು ಖಣ ಇಟ್ಟಳು. "ಚಿಗವ್ವಾ, ಮುಂದಿನ ತಿಂಗಳು ನನ್ನ ಲಗ್ನ. ಅವ್ವಗ ಹೇಳ್ದೇ ಬಂದೀನಿ. ನೀನೇ ಹೊಲೀಬೇಕು."

ನಾನು ಖಣದ ಮಡಿಕೆ ಬಿಡಿಸಿ ಟೇಪಿಗೆ ಕೈಹಾಕಿದೆ.

"ಅಳತಿ ತಗೊಳ್ಳೋದು ಬ್ಯಾಡ. ಅಕಿ ಕುಪ್ಪಸ ಇಟ್ಟೀಯಲ್ಲ, ಅದನ್ನ ಇಟ್ಟು ಕತ್ತರಿಸು. ನಮ್ಮಿಬ್ಬರದೂ ಒಂದಽ ಅಳತಿ. ಒಬ್ಬರದು ಒಬ್ಬರು ಹಾಕ್ಕೋತಿದ್ವಿ."

ಟ್ರಂಕು ತೆಗೆದು ಮಗಳ ಕುಪ್ಪಸ ತಂದೆ. ಕತ್ತರಿಸುವ ಮೊದಲು ಒಮ್ಮೆ ಹಾಕಿಕೊಂಡು ನೋಡು ಎಂದೆ. ಅಭ್ಯಾಸ ಬಿಡುವುದಿಲ್ಲ. ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ಹೋದೆ. ಹುಕ್ಕು ಕೂಡುತ್ತಿರಲಿಲ್ಲ. ಎರಡು ಬೆರಳಷ್ಟು ಬಟ್ಟೆ ಸಾಲದು. ತೋಳೂ ಬಿಗಿಯಾಗಿತ್ತು. ಅವಳು ಏನೋ ತಪ್ಪು ಮಾಡಿದವಳಂತೆ ನಿಂತು ಕಣ್ಣೀರು ಹಾಕುತ್ತಿದ್ದಳು.

"ಅಳಬ್ಯಾಡ ನನ ತಾಯಿ. ಬೆಳದೀ ನೀನು, ಅಷ್ಟಽ" ಎಂದೆ.

ಟೇಪು ತೆಗೆದುಕೊಂಡು ಅವಳ ಎದೆ ಸುತ್ತ ಹಿಡಿದೆ. ಪರದೆಯ ಹೊರಗಿನಿಂದ ಗಂಡ ಚಾಕ್‌ಪೀಸು ಹಿಡಿದು "ಎಷ್ಟು ಬರೀಲಿ?" ಎಂದು ಕೇಳಿದರು. ಮಗಳು ಇದ್ದಿದ್ದರೆ ಆ ವರ್ಷ ಅವಳೂ ಇಷ್ಟೇ ಬೆಳೆದಿರುತ್ತಿದ್ದಳು. ನನ್ನ ಮಗಳ ಅಳತೆಯನ್ನು ಬಾಯಿಬಿಟ್ಟು ಹೇಳಲಿಕ್ಕೆ ನನಗೆ ಬಹಳ ಹೊತ್ತು ಬೇಕಾಯಿತು.